ಕಟ್ಟೆಯ ಮೇಲಿನ ಮಗು ಬಯಲಿಗೆ ಇಳಿಯಲಿ



ಈ ಆರೋಗ್ಯ ವಿಭಾಗದಲ್ಲಿ ದಿನಚರ್ಯೆ, ಋತುಚರ್ಯೆ, ಪಥ್ಯಾಹಾರ, ಮಧುಮೇಹ, ಸಂಧಿವಾತ ಮೊದಲಾದ ವಿಷಯಗಳನ್ನು ಕುರಿತು ಬರೆಯುವುದು ವಾಡಿಕೆ. ಈ ತಿಂಗಳು ಆ ವಾಡಿಕೆಯಿಂದ ತುಸು ಸರಿದು, ವಿಕಲಚೇತನ ಮಕ್ಕಳ ಆಟವನ್ನು ಕುರಿತು ನಮ್ಮ ಅಭಿಪ್ರಾಯವನ್ನು ತಿಳಿಸಬಯಸುತ್ತೇವೆ. ಆಟವೆಂಬುದು ಆರೋಗ್ಯ ವಿಭಾಗದಲ್ಲಿ ಚರ್ಚಿಸುವ ಸಂಗತಿಯೇ ಎಂದು ಕೆಲವರು ಕೇಳಬಹುದು. ಹೌದು ಎಂಬುದೇ ನಮ್ಮ ಉತ್ತರ. ಅಷ್ಟೇ ಅಲ್ಲ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಕಂಡಂತೆ ಇಷ್ಟು ಕಡೆಗಣನೆಗೆ ಒಳಗಾದ ಆರೋಗ್ಯದ ವಿಷಯ ಬೇರೊಂದಿಲ್ಲ.

ಹುಟ್ಟಿನಿಂದಲೇ ಕೈಕಾಲು ಬಿಗಿದಿರುವ, ಮಾತು ಬಾರದ, ಬುದ್ಧಿ ನಿಧಾನವಾಗಿ ಬೆಳೆಯುವ, ಕಣ್ಣು ಕಾಣದ ಮಕ್ಕಳನ್ನು ಎತ್ತಿಕೊಂಡು ತಂದೆತಾಯಿಗಳು ನಮ್ಮಲ್ಲಿಗೆ ಬರುತ್ತಾರೆ. ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಡಾಕ್ಟರ್ ಸಾಹೇಬ್ರ, ಇಂವ ಯಾವಾಗ ನಡದಾಡ್ತಾನ್ರಿ? ಇಕಿ ಯಾವಾಗ ಮಾತಾಡ್ತಾಳ್ರಿ?” ಉತ್ತರ ಹೇಳುವ ಮೊದಲು ನಾವು ಮತ್ತೊಂದು ಪ್ರಶ್ನೆ ಕೇಳುವ ರೂಢಿ ಇಟ್ಟುಕೊಂಡಿದ್ದೇವೆ: ಈ ಮಗು ದಿನವೂ ಯಾರ ಜೊತೆ ಆಡುತ್ತದೆ? ಬಹುಪಾಲು ತಾಯಂದಿರು ಸುಮ್ಮನಾಗುತ್ತಾರೆ. ಕೆಲವರು, “ಇವಂದೇನ್ ಆಟಾ ಬಿಡ್ರಿ, ಮದಲ ಆರಾಮ ಆಗ್ಲಿ” ಎನ್ನುತ್ತಾರೆ. ಮೊದಲು ಗುಣ, ಆಮೇಲೆ ಆಟ ಎಂಬ ಈ ಎಣಿಕೆಯೇ ತಪ್ಪು ಎಂದು ತೋರಿಸಿಕೊಡುವುದು ಈ ಲೇಖನದ ಉದ್ದೇಶ.

ಮನೆಯೊಳಗೆ ಕೂತ ಮಗುವಿಗೆ ಏನಾಗುತ್ತದೆ?

ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆ ಹೊಲದಲ್ಲಿರುತ್ತಾನೆ. ರಬಕವಿ, ಬನಹಟ್ಟಿಯ ಕಡೆಯಾದರೆ ತಾಯಿ ಮಗ್ಗದ ಮುಂದಿರುತ್ತಾಳೆ. ಅಣ್ಣ ತಮ್ಮಂದಿರು ಶಾಲೆಗೆ ಹೋಗುತ್ತಾರೆ. ಈ ಮಗು ಮಾತ್ರ ಅಜ್ಜಿಯ ಕಾವಲಿನಲ್ಲಿ ಕಟ್ಟೆಯ ಮೇಲೋ, ಪಡಸಾಲೆಯ ಮೂಲೆಯಲ್ಲೋ ಕುಳಿತಿರುತ್ತದೆ. ಅಳಬಾರದೆಂದು ಕೈಗೊಂದು ಮೊಬೈಲು. ಸಂಜೆ ಓಣಿಯ ಮಕ್ಕಳು ಆಡುವುದನ್ನು ನೋಡುವುದಷ್ಟೇ ಅದರ ಪಾಲಿನ ಆಟ. ಹೆಣ್ಣುಮಗುವಾದರೆ ನೋಡುವ ಭಾಗ್ಯವೂ ಇಲ್ಲ. ಹಿರಿಯ ಮಗಳ ಸಂಬಂಧ ನೋಡಲು ಬಂದವರ ಕಣ್ಣಿಗೆ ಬೀಳಬಾರದೆಂದು ಆಕೆಯನ್ನು ಒಳಕೋಣೆಯಲ್ಲಿ ಕೂಡ್ರಿಸುವ ಮನೆಗಳನ್ನು ನಾವು ಬಲ್ಲೆವು. ಅವರು ಕೆಟ್ಟವರಲ್ಲ, ಅಂಜಿದವರು. ಆದರೆ ಅವರ ಅಂಜಿಕೆಯ ಬೆಲೆಯನ್ನು ತೆರುವುದು ಮಗು.

ವೈದ್ಯರಾಗಿ ಆ ಬೆಲೆಯನ್ನು ನಾವು ಕೈಯಿಂದ ಮುಟ್ಟಿ ನೋಡುತ್ತೇವೆ. ಅಲುಗಾಡದ ಕೀಲು ವರ್ಷದಿಂದ ವರ್ಷಕ್ಕೆ ಬಿಗಿಯಾಗಿ, ಮೂರು ವರ್ಷಕ್ಕೆ ಮಡಚಿ ಬಿಡಿಸಬಹುದಾಗಿದ್ದ ಮೊಣಕಾಲು ಹತ್ತು ವರ್ಷಕ್ಕೆ ಮಡಚಿದಂತೆಯೇ ನಿಂತುಬಿಡುತ್ತದೆ. ಭಾರ ಹೊರದ ಎಲುಬು ಟೊಳ್ಳಾಗುತ್ತದೆ. ಬಿಸಿಲು ಕಾಣದ ಮೈಗೆ ವಿಟಮಿನ್ ಡಿ ಸಾಲದು. ಅಗ್ನಿ ಮಂದವಾಗಿ ಹಸಿವು ಕೆಡುತ್ತದೆ, ಮಲಬದ್ಧತೆ ಕಾಡುತ್ತದೆ. ಕೆಲವು ಮಕ್ಕಳು ಸೊರಗುತ್ತವೆ, ಕೆಲವು ಕುಳಿತಲ್ಲೇ ಊದಿಕೊಳ್ಳುತ್ತವೆ. ಸ್ಪರ್ಶಜ್ಞಾನವಿಲ್ಲದ ಮಕ್ಕಳಿಗೆ ಒಂದೇ ಭಂಗಿಯಲ್ಲಿ ಕೂತು ಹುಣ್ಣಾಗುತ್ತದೆ. ಇನ್ನು ಮಾತು. ಮಾತು ಹುಟ್ಟುವುದು ಗುಂಪಿನಲ್ಲಿ. ತನ್ನ ಸರದಿಗಾಗಿ ಜಗಳವಾಡದ ಮಗುವಿಗೆ “ನಂದು” “ನಿಂದು” ಎಂಬ ಪದಗಳ ಅಗತ್ಯವೇ ಬೀಳುವುದಿಲ್ಲ. ಹೀಗೆ ಹುಟ್ಟಿನಿಂದ ಬಂದ ವೈಕಲ್ಯ ಒಂದಾದರೆ, ಆಟವಿಲ್ಲದೆ ನಾವು ಮೇಲಿಂದ ಹೊರಿಸಿದ ವೈಕಲ್ಯ ಮತ್ತೊಂದು. ಮೊದಲನೆಯದನ್ನು ತೆಗೆಯುವುದು ಹಲವು ಸಲ ಯಾವ ವೈದ್ಯಪದ್ಧತಿಗೂ ಸಾಧ್ಯವಾಗದು. ಎರಡನೆಯದನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅಭ್ಯಂಗ, ಸ್ವೇದನಗಳು ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತವೆ, ನಿದ್ರೆ ತರುತ್ತವೆ, ತಾಯಿ ಮಗುವಿನ ನಂಟನ್ನು ಗಟ್ಟಿಗೊಳಿಸುತ್ತವೆ. ಅವು ಬೇಕು. ಆದರೆ ಮಿದುಳಿಗೆ ಹುಟ್ಟುವಾಗ ಆದ ಗಾಯ ಎಣ್ಣೆಯಿಂದ ಮಾಯುವುದಿಲ್ಲ. ಹಾಗೆ ಮಾಯಿಸಿಕೊಡುತ್ತೇವೆಂದು ಹೇಳುವವರ ಮಾತು ನಂಬಿ ಊರೂರು ಅಲೆದು ಸಾಲ ಮಾಡಿಕೊಂಡ ಕುಟುಂಬಗಳಿವೆ. ಎಣ್ಣೆಯಿಂದ ಸಡಿಲಾದ ಕೈಗೆ ಮಾಡಲು ಒಂದು ಕೆಲಸ ಬೇಕು. ಮಗುವಿಗೆ ಆ ಕೆಲಸವೆಂದರೆ ಆಟ.

ಆಯುರ್ವೇದ ಏನು ಹೇಳುತ್ತದೆ?

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಮಗುವಿನ ಆಟಿಕೆ ಹೇಗಿರಬೇಕೆಂಬ ವಿವರಣೆಯಿದೆ. ಅದು ಬಣ್ಣಬಣ್ಣದ್ದಾಗಿರಬೇಕು, ಸದ್ದು ಮಾಡಬೇಕು, ಹಗುರವಾಗಿರಬೇಕು. ಚೂಪಾದ ತುದಿ ಇರಬಾರದು, ಬಾಯೊಳಗೆ ಹೋಗುವಷ್ಟು ಚಿಕ್ಕದಿರಬಾರದು, ಮಗುವನ್ನು ಹೆದರಿಸಬಾರದು. ಇಂದು ಆಟಿಕೆಗಳ ಸುರಕ್ಷತೆಗೆಂದು ಸರ್ಕಾರಗಳು ಹಾಕುವ ನಿಯಮಗಳಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಔಷಧಗಳನ್ನು ಬೋಧಿಸುವ ಆಚಾರ್ಯರು ಆಟಿಕೆಗೂ ಜಾಗ ಕೊಟ್ಟರೆಂದರೆ, ಆಟವನ್ನು ಅವರು ಬಾಲಕನ ಪಾಲನೆಯ ಅಂಗವೆಂದೇ ತಿಳಿದಿದ್ದರು ಎಂದರ್ಥ.

ಇನ್ನೂ ಮಹತ್ವದ ಸಂಗತಿ ಕಾಶ್ಯಪಸಂಹಿತೆಯಲ್ಲಿದೆ. ವರ್ಷ ತುಂಬಿದರೂ ಕಾಲೂರಿ ನಡೆಯದ ಮಗುವಿನ ಸ್ಥಿತಿಯನ್ನು ಅದು ‘ಫಕ್ಕ’ ಎಂದು ಕರೆಯುತ್ತದೆ. ಅದಕ್ಕೆ ಹಾಲಿನ ದೋಷ, ಗರ್ಭ, ವ್ಯಾಧಿ ಎಂಬ ಮೂರು ಕಾರಣಗಳನ್ನು ಹೇಳಿ, ಘೃತ, ತೈಲ ಮೊದಲಾದ ಚಿಕಿತ್ಸೆಗಳ ಜೊತೆಗೆ ಮೂರು ಗಾಲಿಯ ‘ಫಕ್ಕರಥ’ವನ್ನು ಮಾಡಿಸಿ ಅದರ ಆಸರೆಯಲ್ಲಿ ಮಗುವಿಗೆ ನಡೆಯುವ ಅಭ್ಯಾಸ ಮಾಡಿಸಬೇಕೆಂದು ವಿಧಿಸುತ್ತದೆ. ನಮ್ಮ ಜಾತ್ರೆಗಳಲ್ಲಿ ಮಾರುವ ಮೂರು ಗಾಲಿಯ ಕಟ್ಟಿಗೆಯ ಬಂಡಿ ಅದೇ ಬಗೆಯದು. ಮಗು ಮೊದಲು ಗುಣವಾಗಲಿ, ಆಮೇಲೆ ನಡೆಯಲಿ ಎಂದು ಕಾಶ್ಯಪರು ಹೇಳಲಿಲ್ಲ. ಮಗು ಹೇಗಿದೆಯೋ ಹಾಗೆಯೇ ನಡಿಗೆಗೆ ಹಚ್ಚಿ, ಬೇಕಾದ ಆಸರೆಯನ್ನು ಒದಗಿಸಿ ಎಂದರು. ನಾವು ಹೇಳಹೊರಟಿರುವ ಆಟಕ್ಕೂ ಇದೇ ನೀತಿ: ಮಗುವನ್ನು ಆಟಕ್ಕೆ ತಕ್ಕಂತೆ ಬದಲಿಸಲಾಗದಿದ್ದರೆ ಆಟವನ್ನು ಮಗುವಿಗೆ ತಕ್ಕಂತೆ ಬದಲಿಸಬೇಕು.

ಬಲ್ಲವರು ಒಂದು ಆಕ್ಷೇಪ ಎತ್ತಬಹುದು. ವಾತಪಿತ್ತ ರೋಗಿಗಳು, ಬಾಲರು, ವೃದ್ಧರು, ಅಜೀರ್ಣವುಳ್ಳವರು ವ್ಯಾಯಾಮವನ್ನು ಬಿಡಬೇಕೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟರು ಹೇಳಿದ್ದಾರಲ್ಲ ಎಂದು. ಅಲ್ಲಿ ನಿಷೇಧಿಸಿರುವುದು ಗರಡಿಮನೆಯ ಸಾಮುವಿನಂಥ ಶ್ರಮವನ್ನೇ ಹೊರತು ಬಾಲಕ್ರೀಡೆಯನ್ನಲ್ಲ. ಬಲಿಷ್ಠರೂ ಸಹ ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂಬ ‘ಅರ್ಧಶಕ್ತಿ’ಯ ಸೂತ್ರವನ್ನೂ ಅದೇ ಪರಂಪರೆ ಕೊಟ್ಟಿದೆ. ಹಣೆ, ಮೂಗು, ಸಂಧಿಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅಲ್ಲಿಗೆ ನಿಲ್ಲಿಸಬೇಕು. ವಿಕಲಚೇತನ ಮಕ್ಕಳ ಆಟಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಹೊರಗಿನ ಎರಡು ಉದಾಹರಣೆಗಳು

ಆಟವನ್ನು ಚಿಕಿತ್ಸೆಯನ್ನಾಗಿ ಬಳಸಿದ ಆಧುನಿಕ ವೈದ್ಯರಲ್ಲಿ ಲುಡ್ವಿಗ್ ಗುಟ್‌ಮನ್ ಪ್ರಮುಖರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರನ್ನು ಅವರು ಹಾಸಿಗೆಯಿಂದ ಎಬ್ಬಿಸಿ ಬಿಲ್ಲುಬಾಣ ಹಿಡಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ 16 ಜನ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. ಅದೇ ಪ್ಯಾರಾಲಿಂಪಿಕ್ಸ್‌ನಲ್ಲಿ, 2012ರಲ್ಲಿ ಲಂಡನ್ನಿನಲ್ಲೇ, ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎತ್ತರ ಜಿಗಿತದಲ್ಲಿ ಬೆಳ್ಳಿ ಪದಕ ಗೆದ್ದರು.

ಎರಡನೆಯ ಉದಾಹರಣೆ ಪೂರ್ತಿಯಾಗಿ ಮಕ್ಕಳದು. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವುಂಟು. ಚೆಂಡನ್ನು ದಾಂಡಿನಿಂದ ಹೊಡೆದು, ಅಂಗಳದ ನಾಲ್ಕು ಮೂಲೆಗಳಲ್ಲಿರುವ ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಕ್ರಿಕೆಟ್ಟಿನ ದಾಯಾದಿ ಎನ್ನಬಹುದು. 1939ರಿಂದ ಅಲ್ಲಿ ‘ಲಿಟಲ್ ಲೀಗ್’ ಎಂಬ ಸಂಸ್ಥೆ ಊರೂರಿನ ಮಕ್ಕಳಿಗೆ ಈ ಆಟವನ್ನು ಆಡಿಸುತ್ತ ಬಂದಿದೆ. ಅರ್ಧ ಶತಮಾನ ಕಳೆದ ಮೇಲೆ, 1989ರಲ್ಲಿ, ಆ ಸಂಸ್ಥೆ ದೈಹಿಕ ಹಾಗೂ ಬೌದ್ಧಿಕ ವೈಕಲ್ಯವುಳ್ಳ ಮಕ್ಕಳಿಗಾಗಿ ‘ಚಾಲೆಂಜರ್’ ಎಂಬ ವಿಭಾಗವನ್ನು ತೆರೆಯಿತು. ಮುಂದೆ ಜಾರ್ಜಿಯಾ ರಾಜ್ಯದ ಕಾನ್ಯರ್ಸ್ ಎಂಬ ಊರಿನವರು ಒಂದು ಅಡ್ಡಿಯನ್ನು ಗಮನಿಸಿದರು: ಹುಲ್ಲು ಮಣ್ಣಿನ ಅಂಗಳದಲ್ಲಿ ಗಾಲಿಕುರ್ಚಿ, ಊರುಗೋಲುಗಳು ಸಿಕ್ಕಿಕೊಳ್ಳುತ್ತವೆ. ಅದಕ್ಕೆಂದು ರಬ್ಬರಿನ ಸಮತಟ್ಟಾದ ನೆಲವಿರುವ ಅಂಗಳವನ್ನು ಅವರು 2000ದಲ್ಲಿ ಕಟ್ಟಿದರು. ‘ಮಿರಾಕಲ್ ಲೀಗ್’ ಎಂಬ ಹೆಸರಿನ ಆ ಆಟದ ನಿಯಮಗಳು ತೀರ ಸರಳ. ಪ್ರತಿಯೊಂದು ಮಗುವಿಗೂ ಪ್ರತಿ ಸರದಿಯಲ್ಲಿ ದಾಂಡು ಹಿಡಿಯುವ ಅವಕಾಶ. ಯಾರೂ ಔಟಿಲ್ಲ. ಪ್ರತಿಯೊಬ್ಬರೂ ನೆಲೆಗಳನ್ನು ಸುತ್ತಿ ಬಂದೇ ಬರುತ್ತಾರೆ. ಪ್ರತಿ ಮಗುವಿನ ಪಕ್ಕದಲ್ಲಿ ಒಬ್ಬ ಜೊತೆಗಾರ ನಿಂತಿರುತ್ತಾನೆ. ಬಹಳ ಸಲ ಆತನೂ ಒಬ್ಬ ಬಾಲಕನೇ.

ಈ ಜೊತೆಗಾರನೇ ಆ ಪದ್ಧತಿಯ ಜೀವಾಳ ಎಂದು ನಾವು ಭಾವಿಸುತ್ತೇವೆ. ರಬ್ಬರಿನ ಅಂಗಳ ಹಣವಿದ್ದವರಿಗೆ. ಜೊತೆಗಾರರು ಎಲ್ಲ ಊರಲ್ಲೂ ಇದ್ದಾರೆ. ಆತ ಮಗುವಿನ ಪರವಾಗಿ ಆಡುವುದಿಲ್ಲ; ಕುರ್ಚಿ ತಳ್ಳುತ್ತಾನೆ, ದಿಕ್ಕು ತೋರಿಸುತ್ತಾನೆ, ಚೆಂಡು ಮೈಮೇಲೆ ಬಂದರೆ ಅಡ್ಡ ನಿಲ್ಲುತ್ತಾನೆ. ಇತ್ತ ಒಂದು ಗಂಟೆಯ ಹೊತ್ತು ತಾಯಿ ಕೈಬಿಟ್ಟು ಕುಳಿತು ತನ್ನ ಮಗು ಆಡುವುದನ್ನು ನೋಡುತ್ತಾಳೆ. ಹಲವು ತಾಯಂದಿರಿಗೆ ಅದು ವರ್ಷಗಳಲ್ಲಿ ಸಿಗುವ ಮೊದಲ ಬಿಡುವು.

ನಮ್ಮ ನಾಡಿನ ಸಾಧನೆ

ಇದೆಲ್ಲ ಹೊರನಾಡಿನ ಮಾತಾಯಿತು, ನಮ್ಮಲ್ಲೇನಿದೆ ಎಂದು ಕೇಳುವವರಿಗೆ ಅಂಧರ ಕ್ರಿಕೆಟ್ಟನ್ನು ತೋರಿಸಬೇಕು. ಇದರ ಒಂದು ದೊಡ್ಡ ಕೇಂದ್ರ ನಮ್ಮ ಕರ್ನಾಟಕವೇ. ನೆರೆಯ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಮಹಾಂತೇಶ ಜಿ. ಕಿವಡಸಣ್ಣವರ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆಯನ್ನು ಕಟ್ಟಿ, ದೇಶದ ಅಂಧರ ಕ್ರಿಕೆಟ್ಟಿಗೆ ನೆಲೆ ಒದಗಿಸಿದರು. 2012ರಲ್ಲಿ ಅಂಧರ ಮೊದಲ ಟಿ-20 ವಿಶ್ವಕಪ್ ಬೆಂಗಳೂರಿನಲ್ಲಿ ನಡೆದಾಗ ಭಾರತವನ್ನು ಗೆಲ್ಲಿಸಿದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕ. ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊಟ್ಟಮೊದಲ ಟಿ-20 ವಿಶ್ವಕಪ್‌ನ ಅಂತಿಮ ಪಂದ್ಯ ಕೊಲಂಬೊದಲ್ಲಿ ನಡೆಯಿತು. ಅಲ್ಲಿ ನೇಪಾಳವನ್ನು ಸೋಲಿಸಿದ ಭಾರತ ತಂಡದ ನಾಯಕಿ ನಮ್ಮ ರಾಜ್ಯದ ದೀಪಿಕಾ ಟಿ.ಸಿ. ಹೆಣ್ಣುಮಗುವನ್ನು ಒಳಕೋಣೆಯಲ್ಲಿ ಕೂಡ್ರಿಸಿದ ಮನೆಯವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಈ ಆಟದ ಕಟ್ಟಳೆಗಳೂ ಗಮನಿಸತಕ್ಕವು. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಲೋಹದ ಗುಂಡುಗಳಿದ್ದು ಉರುಳುವಾಗ ಗಲಗಲ ಎನ್ನುತ್ತದೆ. ಎಸೆಯುವವನು ತೋಳನ್ನು ಕೆಳಗಿನಿಂದ ಬೀಸಿ ಚೆಂಡನ್ನು ನೆಲದ ಮೇಲೆ ಪುಟಿಸಿ ಕಳಿಸುತ್ತಾನೆ. ಎಸೆಯುವ ಮುನ್ನ ಸಿದ್ಧನಿದ್ದೀಯಾ ಎಂದು ಕೂಗಿ ಕೇಳಬೇಕು, ಉತ್ತರ ಬಂದ ಮೇಲೆಯೇ ಎಸೆಯಬೇಕು. ಹನ್ನೊಂದು ಜನರಲ್ಲಿ ನಾಲ್ವರಾದರೂ ಪೂರ್ಣ ಅಂಧರಿರಬೇಕು, ಅವರು ಗಳಿಸಿದ ಓಟ ಇಮ್ಮಡಿಯಾಗಿ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಸೋಲೂ ಉಂಟು, ಗೆಲುವೂ ಉಂಟು. ಯಾರಿಗೂ ಕನಿಕರದ ಗೆಲುವಿಲ್ಲ. ಆದರೂ ನಿಯಮಗಳನ್ನು ಆಟಗಾರರಿಗೆ ತಕ್ಕಂತೆ ಹೊಲಿಯಲಾಗಿದೆ.

ಎಲ್ಲರೂ ಗೆಲ್ಲುವ ಆಟ ಆಟವೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಆರು ವರ್ಷ ಕಟ್ಟೆಯ ಮೇಲೆ ಕೂತು ಮೊದಲ ಸಲ ಬಯಲಿಗೆ ಬಂದ ಮಗುವಿಗೆ ಔಟು ಎಂದು ಹೇಳಿ ಮತ್ತೆ ಕಟ್ಟೆಗೆ ಕಳಿಸಿದರೆ ಅದು ಎರಡನೆಯ ಸಲ ಬಾರದು. ಆದುದರಿಂದ ಮೊದಲ ಹಂತದಲ್ಲಿ ಯಾರೂ ಔಟಿಲ್ಲದ ಆಟವಿರಲಿ. ಬಲ ಬಂದ ಮಕ್ಕಳು ತಾವಾಗಿಯೇ ಸ್ಪರ್ಧೆ ಕೇಳುತ್ತಾರೆ. ಆಗ ಅವರಿಗೆ ಸೋಲನ್ನೂ ಕೊಡಬೇಕು. ಸೋಲುವ ಹಕ್ಕನ್ನು ಕಸಿದುಕೊಳ್ಳುವುದೂ ಒಂದು ಬಗೆಯ ಕನಿಕರವೇ, ಆ ಕನಿಕರ ಮಗುವನ್ನು ಎಂದೆಂದಿಗೂ ಚಿಕ್ಕದಾಗಿಯೇ ಇಡುತ್ತದೆ.

ನಮ್ಮ ಮಣ್ಣಿಗೆ ಒಗ್ಗುವ ಆಟ

ಬೇಸ್‌ಬಾಲ್ ಎಂಬ ಹೆಸರಿನ ಆಟವೇ ಬೇಕೆಂದು ನಮ್ಮ ಹಟವಿಲ್ಲ. ದಾಂಡು ಹಿಡಿದು ಹೊಡೆದು ಓಡುವ ಆಟ ನಮಗೆ ಹೊಸದಲ್ಲ. ನಮ್ಮ ಚಿಣ್ಣಿದಾಂಡು ಅದೇ ಜಾತಿಯದು. ಆದರೆ ಚಿಮ್ಮುವ ಕಟ್ಟಿಗೆಯ ಚಿಣ್ಣಿ ಕಣ್ಣಿಗೆ ಅಪಾಯ. ಆದ್ದರಿಂದ ದಾಂಡು ನಮ್ಮದಿರಲಿ, ಚೆಂಡು ಮೆತ್ತಗಿರಲಿ, ನಿಯಮಗಳು ಆ ಚಾಲೆಂಜರ್ ಆಟದವು ಇರಲಿ.

ನೆಲದ ಮಾತು ಮೊದಲು. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಎರಡೂ ಗಾಲಿಕುರ್ಚಿಗೆ ಶತ್ರು. ರಬ್ಬರಿನ ಅಂಗಳ ನಮಗೆ ಎಟುಕದು. ಆದರೆ ಕಣ ಮಾಡುವ ವಿದ್ಯೆ ನಮ್ಮ ರೈತರಿಗೆ ಗೊತ್ತು. ಗರಸು ಹಾಕಿ, ನೀರು ಹೊಡೆದು, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿದ ಕಣದ ಮೇಲೆ ಜೋಳದ ಕಾಳು ಸಹ ಮಣ್ಣಾಗುತ್ತಿರಲಿಲ್ಲ. ರಾಶಿಯ ಯಂತ್ರ ಬಂದ ಮೇಲೆ ಕಣಗಳು ಮಾಯವಾಗುತ್ತಿವೆ. ಇಪ್ಪತ್ತು ಮಾರು ಉದ್ದಗಲದ ಒಂದು ಕಣವನ್ನು ಈ ಮಕ್ಕಳಿಗಾಗಿ ಮಾಡಿಕೊಟ್ಟರೆ ಗಾಲಿಕುರ್ಚಿಯೂ ಉರುಳುತ್ತದೆ, ಊರುಗೋಲೂ ಊರುತ್ತದೆ, ತೆವಳುವ ಮಗುವಿನ ಮೊಣಕಾಲೂ ತರಚುವುದಿಲ್ಲ.

ಚೆಂಡಿಗೆ ಮಗ್ಗದ ಊರುಗಳ ಉಳಿಕೆ ನೂಲು, ಅರಿವೆ ತುಂಡುಗಳು ಸಾಕು. ಅರಿವೆ ಚೆಂಡಿನ ನಡುವೆ ನಾಲ್ಕು ಗೆಜ್ಜೆಗಳನ್ನಿಟ್ಟು ಹೊಲಿದರೆ ಕಾಣದ ಮಗುವಿಗೂ ಚೆಂಡು ಎಲ್ಲಿದೆಯೆಂದು ಕೇಳುತ್ತದೆ. ಚರಕರು ಹೇಳಿದ ಸದ್ದು ಮಾಡುವ, ಹಗುರವಾದ, ಬಾಯಿಗೆ ಹಿಡಿಸದ ಆಟಿಕೆ ಇದೇ ಅಲ್ಲವೇ? ಬರುವ ಚೆಂಡನ್ನು ಹೊಡೆಯಲಾಗದ ಮಗುವಿಗೆ ಎದೆಯೆತ್ತರದ ಗೂಟದ ಮೇಲೆ ಚೆಂಡನ್ನಿಟ್ಟು ಹೊಡೆಸಬಹುದು. ದಾಂಡು ಹಿಡಿಯಲಾಗದ ಮುಷ್ಟಿಗೆ ಅರಿವೆಯ ಪಟ್ಟಿ ಸುತ್ತಿ ದಾಂಡನ್ನು ಕೂಡಿಸಬಹುದು. ನಾಲ್ಕು ನೆಲೆಗಳಿಗೆ ನಾಲ್ಕು ಬಣ್ಣದ ಧ್ವಜ, ಪ್ರತಿ ಧ್ವಜದ ಬಳಿ ಚಪ್ಪಾಳೆ ತಟ್ಟಿ ಕರೆಯುವ ಒಬ್ಬ ಹುಡುಗ ಅಥವಾ ಹುಡುಗಿ. ಒಂದೊಂದು ಪ್ರೌಢಶಾಲೆಯಿಂದ ಹತ್ತು ವಿದ್ಯಾರ್ಥಿಗಳು ಜೊತೆಗಾರರಾಗಿ ಬಂದರೆ ಹತ್ತು ಮಕ್ಕಳ ತಂಡ ಸಿದ್ಧ. ತಿಂಗಳಿಗೆ ಎರಡು ಭಾನುವಾರ, ಒಂದೊಂದು ಗಂಟೆ. ಇದಕ್ಕಿಂತ ಹೆಚ್ಚಿನದನ್ನು ನಾವು ಕೇಳುತ್ತಿಲ್ಲ.

ಪಾಲಕರು ಗಮನಿಸಬೇಕಾದ ಎಚ್ಚರಿಕೆಗಳು

ಆಟಕ್ಕೆ ಇಳಿಸುವ ಮೊದಲು ಪ್ರತಿ ಮಗುವನ್ನೂ ವೈದ್ಯರಿಗೆ ತೋರಿಸಲೇಬೇಕು. ಮುಖ್ಯವಾದ ಕೆಲವನ್ನು ಇಲ್ಲಿ ಹೇಳುತ್ತೇವೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ದೋಷವಿರುತ್ತದೆ. ಕೆಲವರಿಗೆ ಕತ್ತಿನ ಮೇಲಿನ ಎರಡು ಮಣಿಗಳ ಕೀಲು ಸಡಿಲವಿರುತ್ತದೆ. ಇಂಥವರಿಗೆ ಲಾಗ ಹಾಕಿಸುವುದು, ಕತ್ತಿನ ಮೇಲೆ ಭಾರ ಬೀಳುವ ಆಟ ಸಲ್ಲದು. ನಡಿಗೆ ತಪ್ಪತೊಡಗಿದರೆ, ಕತ್ತು ನೋಯುತ್ತದೆಂದರೆ ತಡಮಾಡದೆ ತೋರಿಸಬೇಕು.

ಮೂರ್ಛೆರೋಗವಿರುವ ಮಗುವಿನ ಮಾತ್ರೆಯನ್ನು ಆಟದ ದಿನವಾಗಲಿ, ಬೇರೆ ದಿನವಾಗಲಿ ತಪ್ಪಿಸಬಾರದು. ಆಯುರ್ವೇದ ಚಿಕಿತ್ಸೆ ಆರಂಭಿಸಿದ್ದೇವೆಂದು ಅಲೋಪಥಿಯ ಮೂರ್ಛೆಯ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ನಾಲ್ಕೈದು ವರ್ಷದ ಗಂಡುಮಗು ಮೇಲಿಂದ ಮೇಲೆ ಬೀಳುತ್ತಿದ್ದು, ತೊಡೆಗೆ ಕೈಯೂರಿ ಏಳುತ್ತಿದ್ದರೆ, ಮೀನಖಂಡ ದಪ್ಪಗಾಗಿದ್ದರೆ ಅದು ಸ್ನಾಯು ಕ್ಷಯಿಸುವ ವಂಶವಾಹಿ ರೋಗವಾಗಿರಬಹುದು. ಅಂಥ ಮಗುವಿಗೆ ದಣಿವಾಗುವಷ್ಟು ಆಡಿಸುವುದು ಹಾನಿಕರ.

ಬೆನ್ನುಹುರಿಯ ದೋಷದಿಂದ ಕಾಲಿನಲ್ಲಿ ಸ್ಪರ್ಶಜ್ಞಾನವಿಲ್ಲದ ಮಗುವಿಗೆ ಕಾದ ನೆಲ ಸುಟ್ಟರೂ ತಿಳಿಯದು. ಬೂಟು ಹಾಕಿಸಿ, ಆಟ ಮುಗಿದ ಮೇಲೆ ಅಂಗಾಲು ಹಾಗೂ ಕುಂಡೆಯ ಚರ್ಮವನ್ನು ನೋಡಬೇಕು.

ಆಟಿಸಂ ಇರುವ ಮಕ್ಕಳಿಗೆ ಸೀಟಿ, ಧ್ವನಿವರ್ಧಕ, ಗದ್ದಲ ಹಿಂಸೆ ಮಾಡುತ್ತವೆ. ಹಿಂದಿನ ದಿನವೇ ಬಯಲನ್ನು ತೋರಿಸಿ, ಒಬ್ಬನೇ ಜೊತೆಗಾರನನ್ನು ಗೊತ್ತು ಮಾಡಿದರೆ ಅನುಕೂಲ.

ಎಲ್ಲರಿಗೂ ಅನ್ವಯಿಸುವುದು: ನಮ್ಮ ಭಾಗದ ಬಿಸಿಲಿಗೆ ಮುಂಜಾನೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಮಾತ್ರ ಆಟ. ಊಟವಾದ ಕೂಡಲೇ ಬೇಡ. ಹತ್ತು ನಿಮಿಷಕ್ಕೊಮ್ಮೆ ನೀರು ಅಥವಾ ತೆಳು ಮಜ್ಜಿಗೆ. ಬಿಗಿತವಿರುವ ಮಕ್ಕಳಿಗೆ ಆಟದ ದಿನ ಬೆಳಿಗ್ಗೆ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರ ಸ್ನಾನ ಹಿತ. ಅರ್ಧಶಕ್ತಿಯ ಗೆರೆಯನ್ನು ದಾಟಬಾರದು.

ಕಾನೂನಿನ ಆಸರೆ

ಇದು ಕೇವಲ ದಯೆಯ ಮಾತಲ್ಲ ಎಂಬುದನ್ನು ಪಾಲಕರು ತಿಳಿದಿರಬೇಕು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 1995ರ ಕಾನೂನಿನ 7 ಬಗೆಯ ವೈಕಲ್ಯಗಳನ್ನು 21ಕ್ಕೆ ವಿಸ್ತರಿಸಿದೆ. ಅದರ 16ನೆಯ ಕಲಮಿನ ಪ್ರಕಾರ ಶಾಲೆಗಳು ಈ ಮಕ್ಕಳಿಗೆ ಉಳಿದವರ ಸಮಾನವಾಗಿ ಕ್ರೀಡೆಯ ಅವಕಾಶವನ್ನೂ ಕೊಡಬೇಕು. 30ನೆಯ ಕಲಮು ಕ್ರೀಡೆಗಳಲ್ಲಿ ಅವರು ಭಾಗವಹಿಸುವಂತೆ ಮಾಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಆಟದ ಪಿರಿಯಡ್ಡಿನಲ್ಲಿ ಈ ಮಗುವನ್ನು ಉಳಿದವರ ಪಾಟೀಚೀಲ ಕಾಯಲು ಕೂಡ್ರಿಸುವ ಪದ್ಧತಿ ಕಾನೂನಿಗೂ ವಿರುದ್ಧ, ಮಾನವೀಯತೆಗೂ ವಿರುದ್ಧ.

ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಗರಸು, ರೋಣಗಲ್ಲು, ಇಳಿಜಾರಿನ ದಾರಿ, ನೆರಳಿಗೊಂದು ಚಪ್ಪರ ಇವಕ್ಕೆ ಆ ಹಣದಲ್ಲಿ ಪಾಲು ಕೇಳಲು ಗ್ರಾಮಸಭೆಯಲ್ಲಿ ಎದ್ದು ನಿಲ್ಲಬೇಕು. ಯಾವ ಮನೆಯಲ್ಲಿ ಯಾವ ಮಗುವಿದೆ ಎಂಬುದು ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತಿರುತ್ತದೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವ ವಿಶೇಷ ಶಿಕ್ಷಕರೂ ಇದ್ದಾರೆ. ಇವರಿಬ್ಬರನ್ನು ಜೊತೆಗೂಡಿಸಿದರೆ ಮಕ್ಕಳ ಪಟ್ಟಿ ಸಿದ್ಧವಾಗುತ್ತದೆ.

ಮಠ ಮತ್ತು ಬಯಲು

ಕೊನೆಯದಾಗಿ, ಈ ಮಾತನ್ನು ಮಠದ ಪತ್ರಿಕೆಯಲ್ಲೇ ಏಕೆ ಬರೆದೆವು ಎಂಬುದನ್ನು ತಿಳಿಸಬೇಕು. ಅಂಧ ಬಾಲಕರಿಗೆ ಭಿಕ್ಷೆಯಲ್ಲದೆ ಬೇರೆ ದಾರಿಯಿಲ್ಲವೆಂದು ಲೋಕ ತಿಳಿದಿದ್ದ ಕಾಲದಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಒಬ್ಬ ಅಂಧ ಬಾಲಕನ ಕಂಠವನ್ನು ಗುರುತಿಸಿ ಸಂಗೀತ ಕಲಿಸಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳಾದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಮಕ್ಕಳಿಗೆ ಸ್ವರ ಕೊಟ್ಟು, 2010ರಲ್ಲಿ ಲಿಂಗೈಕ್ಯರಾದರು. ಮಗುವಿಗೆ ಏನಿಲ್ಲ ಎಂಬುದನ್ನು ಬಿಟ್ಟು ಏನಿದೆ ಎಂದು ಹುಡುಕಿದ ದೃಷ್ಟಿ ಅದು. ಸಂಗೀತಕ್ಕೆ ಆದದ್ದು ಆಟಕ್ಕೆ ಏಕೆ ಆಗಬಾರದು?

ಮಗುವಿಗೆ ಲಿಂಗಧಾರಣೆ ಮಾಡುವಾಗ ಗುರುಗಳು ಅದರ ಕೈಕಾಲು ಪರೀಕ್ಷಿಸಿ ಲಿಂಗ ಕಟ್ಟುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುಂಟ, ಕುರುಡ ಎಂದು ಬೇರೆ ಸಾಲು ಹಾಕುವುದಿಲ್ಲ. ಇಂಥ ಮಗು ಹುಟ್ಟಿದ್ದು ಪೂರ್ವಜನ್ಮದ ಪಾಪದ ಫಲ ಎಂಬ ಮಾತಿಗೆ ಶರಣರ ನಾಡಿನಲ್ಲಿ ಎಡೆಯಿಲ್ಲ. ಹಾಗಿದ್ದ ಮೇಲೆ ಆಟದ ಬಯಲಿನಲ್ಲಿ ಮಾತ್ರ ಬೇರೆ ಸಾಲೇಕೆ?

ನಮ್ಮ ಊರುಗಳ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿಗಳಿಗೆ ಸಾವಿರಾರು ಜನ ಸೇರುತ್ತಾರೆ. ಗೆದ್ದ ಪೈಲವಾನರಿಗೆ ಬೆಳ್ಳಿಯ ಕಡಗ ತೊಡಿಸುತ್ತಾರೆ. ಅದು ನಡೆಯಲಿ. ಅದೇ ಜಾತ್ರೆಯ ಒಂದು ಮುಂಜಾನೆ, ಕುಸ್ತಿಯ ಕಣದ ಪಕ್ಕದಲ್ಲಿ, ನಾಲ್ಕೂ ತಾಲ್ಲೂಕುಗಳ ಈ ಮಕ್ಕಳ ದಾಂಡು-ಚೆಂಡಿನ ಆಟವೂ ನಡೆಯಲಿ ಎಂದು ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ನಮ್ಮ ವಿನಂತಿ. ಮಠದ ಬಯಲಿನಲ್ಲಿ, ಶ್ರೀಗಳ ಎದುರಿನಲ್ಲಿ ಆಡಿದ ಮಗುವನ್ನು ಮರುದಿನ ಯಾವ ತಂದೆಯೂ ಒಳಕೋಣೆಯಲ್ಲಿ ಮುಚ್ಚಿಡಲಾರ.

ಭಕ್ತರಲ್ಲಿ ನಮ್ಮ ಬೇಡಿಕೆ ಮೂರೇ. ಮನೆಯಲ್ಲಿ ಇಂಥ ಮಗುವಿದ್ದವರು ಅದನ್ನು ಹೊರಗೆ ಕರೆತನ್ನಿ. ಮನೆಯಲ್ಲಿ ಪ್ರೌಢಶಾಲೆಯ ಮಗ ಅಥವಾ ಮಗಳಿದ್ದವರು ಜೊತೆಗಾರರನ್ನಾಗಿ ಕಳಿಸಿ. ಹೊಲದಲ್ಲಿ ಹಳೆಯ ರೋಣಗಲ್ಲು ಬಿದ್ದಿದ್ದವರು ಅದನ್ನು ಮಠದ ಬಯಲಿಗೆ ಉರುಳಿಸಿಕೊಂಡು ಬನ್ನಿ.